ಏಳು ಸಹಿಗಳ ಸಂಘ

ಗಂಗಾಂಬಿಕೆಯವರನ್ನು ನಾನು ಮೊದಲು ನೋಡಿದ್ದು ೧೯೯೬ರ ಜುಲೈನಲ್ಲಿ, ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯ ಗೇಟಿನ ಬಳಿ. ಅವರಿಗೆ ಮೋಸ ಮಾಡಲು ನಾನು ಸಿದ್ಧನಾಗಿ ನಿಂತಿದ್ದೆ.

ನಮ್ಮದು ಸಣ್ಣ ಪ್ಲೇಟಿಂಗ್ ಕಾರ್ಖಾನೆ. ಬಾಗಿಲ ಚಿಲಕ, ನಲ್ಲಿ, ಸೈಕಲ್ ಹ್ಯಾಂಡಲ್ಲುಗಳಿಗೆ ಹೊಳಪಿನ ಲೇಪ ಹಾಕುವುದು ಕೆಲಸ. ಹಾಗೆ ಲೇಪ ಹಾಕಿ ತೊಳೆದ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ಘಟಕವೊಂದಿತ್ತು. ಅದಕ್ಕೆ ಡಿಪ್ಲೊಮಾ ಓದಿದ ನಾನು, ರವೀಶ್, ಇನ್‌ಚಾರ್ಜ್. ಘಟಕದ ಎರಡು ಪಂಪುಗಳಲ್ಲಿ ಒಂದು ಕೆಟ್ಟು ಮೂಲೆ ಸೇರಿತ್ತು. ಅರ್ಧ ನೀರು ಶುದ್ಧವಾಗುತ್ತಿತ್ತು, ಅರ್ಧ ಹಾಗೇ ಚರಂಡಿಗೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಖಾಸಗಿ ಲ್ಯಾಬಿನವರು ಬಂದು ನೀರಿನ ಸ್ಯಾಂಪಲ್ ಒಯ್ದು ವರದಿ ಕೊಡುತ್ತಿದ್ದರು. ಆ ವರದಿಯನ್ನು ನಾವು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕಿತ್ತು. ಬರುತ್ತಿದ್ದವರು ಗೇಟಿನಲ್ಲೇ ಕ್ಯಾನು ಇಸಿದುಕೊಂಡು, ಟೀ ಕುಡಿದು ಹೋಗುತ್ತಿದ್ದರು. ಕ್ಯಾನಿನೊಳಗೆ ಇರುತ್ತಿದ್ದುದು ಕ್ಯಾಂಟೀನಿನ ನಲ್ಲಿ ನೀರು. ನಂಬಿಕೆ ಬರಲೆಂದು ಅದಕ್ಕೊಂದು ಚೊಂಬು ನಮ್ಮ ಕೊಳೆನೀರು ಬೆರೆಸುತ್ತಿದ್ದೆ.

ಆ ದಿನ ಲೂನಾದಲ್ಲಿ ಬಂದಿಳಿದವರು ಇಪ್ಪತ್ತಾರರ ಹೆಂಗಸು. ಹತ್ತಿ ಸೀರೆ, ಹೆಗಲಿಗೆ ರೆಕ್ಸಿನ್ ಬ್ಯಾಗು. ನಾನು ಕ್ಯಾನು ಮುಂದೆ ಹಿಡಿದೆ.

"ಇದು ಬೇಡ ಸಾರ್. ಔಟ್‌ಲೆಟ್ ತೋರ್ಸಿ, ನಾನೇ ಹಿಡ್ಕೋತೀನಿ."

"ಅಲ್ಲೆಲ್ಲ ಕೆಸರು ಮೇಡಂ. ಎಲ್ರೂ ಇದ್ನೇ ತಗೊಂಡು ಹೋಗ್ತಾರೆ."

"ಕೆಸರಿಗೆ ಚಪ್ಪಲಿ ಬಿಟ್ಟು ಬರ್ತೀನಿ, ನಡೀರಿ."

ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಕಾಂಪೌಂಡಿನ ಹಿಂದೆ ನಮ್ಮ ಪೈಪು ಬೀಳುವಲ್ಲಿಗೆ ಇಳಿದೇಬಿಟ್ಟರು. ಬಾಟಲಿ ತುಂಬಿಕೊಂಡು, ಮೇಲೆ ಚೀಟಿ ಅಂಟಿಸಿ, ತೆಗೆದ ಹೊತ್ತು ಬರೆದು, ನನ್ನ ಸಹಿ ಕೇಳಿದರು. ಹಾಕಿಕೊಟ್ಟೆ. ಆ ತಿಂಗಳ ವರದಿಯಲ್ಲಿ ನಾವು ಫೇಲಾದೆವು. ಮುಂದಿನ ತಿಂಗಳಿನಿಂದ ನಮ್ಮ ಮಾಲೀಕರು ಬೇರೆ ಲ್ಯಾಬು ಹಿಡಿದರು. ನಾನು ಮತ್ತೆ ಕ್ಯಾನು ತುಂಬಿಸತೊಡಗಿದೆ.

ಗಂಗಾಂಬಿಕೆಯವರ ಊರು ಹೆಬ್ಬೂರು. ಅವರ ತಂದೆ ರೇವಣಸಿದ್ದಯ್ಯ ಅಲ್ಲಿಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಬೆಳಿಗ್ಗೆ ಆರಕ್ಕೆ ಕ್ಯಾನುಗಳ ಮುಂದೆ ಕೂತು, ನೀರು ಬೆರೆತ ಹಾಲನ್ನು ಯಾರದ್ದೇ ಇರಲಿ ವಾಪಸು ಕಳಿಸುತ್ತಿದ್ದರು. ಒಮ್ಮೆ ಸ್ವಂತ ಅಣ್ಣನ ಹಾಲನ್ನೇ ತಿರುಗಿಸಿದ್ದಕ್ಕೆ ಎರಡು ವರ್ಷ ಆ ಮನೆಯವರು ಮಾತು ಬಿಟ್ಟಿದ್ದರಂತೆ. ಈ ಮನೆಯಲ್ಲಿ ಬೆಳೆದ ಹುಡುಗಿ ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಬಂದಳು. ಆಗ ಆ ಓದಿಗೆ ಎಲ್ಲಿ ಕೆಲಸ ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕಾರ್ಖಾನೆಗಳಿಗೆ ವರದಿ ಕಡ್ಡಾಯವಾದ ಮೇಲೆ ತುಮಕೂರಿನಲ್ಲಿ ಲಕ್ಷ್ಮೀಕಾಂತ್ ಎಂಬುವರು ಒಂದು ಲ್ಯಾಬು ತೆರೆದರು. ಗಂಗಾಂಬಿಕೆ ಅಲ್ಲಿ ಕೆಮಿಸ್ಟ್ ಆಗಿ ಸೇರಿದರು. ವರದಿಯ ಕೊನೆಯಲ್ಲಿ ಅವರದೇ ಸಹಿ.

೧೯೯೮ರ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಆ ಲ್ಯಾಬಿಗೆ ಓಬಳಮ್ಮ ಎಂಬ ಹೆಂಗಸು ಬಂದಳು. ಗುಬ್ಬಿ ತಾಲ್ಲೂಕಿನ ಕಾಡಯ್ಯನಪಾಳ್ಯದವಳು, ನಾಲ್ಕು ಎಮ್ಮೆ ಸಾಕಿಕೊಂಡು ಜೀವನ ಮಾಡುವವಳು. ಕೈಯಲ್ಲಿ ಸೋಡಾ ಬಾಟಲಿ, ಅದರ ತುಂಬ ಹಾಲು ಒಡೆದಂಥ ನೀರು.

"ನೀರು ನೋಡೋ ಆಪೀಸು ಇದೇ ಏನವ್ವ? ನಮ್ಮೂರ ಕೆರೆದು ಕಣವ್ವ ಇದು. ಎಮ್ಮೆ ಮೂಸ್ ನೋಡಿ ಹಿಂದಕ್ಕೆ ಬತ್ತವೆ. ಮೀನು ಮೇಲ್ ಬಂದವೆ. ಪ್ಯಾಕ್ಟ್ರಿಯೋರ್ನ ಕೇಳುದ್ರೆ ನಮ್ತಾವ ರಿಪೋಲ್ಟ್ ಐತೆ, ನೀರು ಚೆನ್ನಾಗೈತೆ ಅಂತಾರೆ. ಎಮ್ಮೆಗೇನು ರಿಪೋಲ್ಟ್ ಓದಕ್ ಬತ್ತದಾ?"

ಆ ಊರಿನ ಪಕ್ಕದಲ್ಲಿ ತೆಂಗಿನಕಾಯಿಯಿಂದ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯಿತ್ತು. ದಿನಕ್ಕೆ ಸಾವಿರಾರು ಕಾಯಿ ಒಡೆದು ತೊಳೆಯುತ್ತಿದ್ದರು. ಎಳನೀರು, ಎಣ್ಣೆ ಜಿಡ್ಡು, ತೊಳೆದ ನೀರು ಎಲ್ಲ ಹುಳಿತು ಹಳ್ಳದ ಮೂಲಕ ಕೆರೆ ಸೇರುತ್ತಿತ್ತು. ಆ ಕಾರ್ಖಾನೆ ಇದೇ ಲ್ಯಾಬಿನ ಗಿರಾಕಿ. ಅವರ ಸ್ಯಾಂಪಲ್ಲು ಯಾವಾಗಲೂ ಅವರ ಜೀಪಿನಲ್ಲೇ ಬರುತ್ತಿತ್ತು.

ಸೋಡಾ ಬಾಟಲಿಯ ನೀರು ಪರೀಕ್ಷೆಗೆ ಬಾರದು ಎಂದು ಗಂಗಾಂಬಿಕೆ ಓಬಳಮ್ಮನಿಗೆ ತಿಳಿಸಿ ಹೇಳಿದರು. ಭಾನುವಾರ ತಾವೇ ಬಸ್ಸು ಹತ್ತಿ ಕಾಡಯ್ಯನಪಾಳ್ಯಕ್ಕೆ ಹೋದರು. ಹಳ್ಳ ಕೆರೆಗೆ ಬೀಳುವಲ್ಲಿ, ಕಾರ್ಖಾನೆಯ ಪೈಪು ಹಳ್ಳಕ್ಕೆ ಬೀಳುವಲ್ಲಿ, ಎರಡು ಕಡೆ ನೀರು ತೆಗೆದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು ತಂದರು. ನೀರಿನಲ್ಲಿರುವ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂದು ಅಳೆಯುವ ಪರೀಕ್ಷೆಗೆ ನಮ್ಮ ಕಸುಬಿನಲ್ಲಿ ಬಿಓಡಿ ಎನ್ನುತ್ತಾರೆ. ನೀರನ್ನು ಬಾಟಲಿಯಲ್ಲಿ ಮುಚ್ಚಿ, ಒಂದೇ ಶಾಖದಲ್ಲಿ ಮೂರು ದಿನ ಇಡಬೇಕು. ಅವಸರ ಮಾಡುವಂತಿಲ್ಲ. ಮೂರು ದಿನವಾದ ಮೇಲೆ ಲೆಕ್ಕ ಹಾಕಿದರೆ ಪೈಪಿನ ನೀರಿನದು ಸಾವಿರದ ಒಂಬೈನೂರು. ಕೆರೆಗೆ ಬಿಡಬಹುದಾದ ನೀರಿಗೆ ಮಿತಿ ಮೂವತ್ತು.

ಅದೇ ವಾರ ಕಾರ್ಖಾನೆಯ ತಿಂಗಳ ವರದಿ ಟೈಪಾಗಿ ಅವರ ಮೇಜಿಗೆ ಬಂತು. ಬಿಓಡಿ ಇಪ್ಪತ್ತಾರು. ಸ್ಯಾಂಪಲ್ ಬಂದದ್ದು ಹನ್ನೊಂದನೇ ತಾರೀಖು, ವರದಿ ಹನ್ನೆರಡನೇ ತಾರೀಖಿನದು. ಗಂಗಾಂಬಿಕೆ ಆ ಹಾಳೆ ಹಿಡಿದು ಲಕ್ಷ್ಮೀಕಾಂತರ ಕೋಣೆಗೆ ಹೋದರು.

"ಮೂರು ದಿನದ ಟೆಸ್ಟು ಒಂದು ದಿನಕ್ಕೆ ಹೆಂಗೆ ಮುಗೀತು ಸಾರ್?"

ಲಕ್ಷ್ಮೀಕಾಂತ್ ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಮ್ಮ, ನಾವು ಕೊಡ್ಲಿಲ್ಲ ಅಂದ್ರೆ ಬೆಂಗಳೂರಿನೋರು ಕೊಡ್ತಾರೆ. ಅದೇ ಕಾಗದ, ಅದೇ ನಂಬರ್ರು. ಏನ್ ವ್ಯತ್ಯಾಸ ಆಗುತ್ತೆ ಹೇಳು?"

"ಅದ್ರಲ್ಲಿ ನನ್ ಹೆಸ್ರು ಇರಲ್ಲ ಸಾರ್. ಅಷ್ಟು ವ್ಯತ್ಯಾಸ ಆಗುತ್ತೆ."

"ಹಠ ಮಾಡ್ಬೇಡ. ನಿನ್ನ ಬಿಟ್ಟು ನಾನು ಇನ್ನೊಬ್ರನ್ನ ಹುಡುಕ್ಬೇಕಾಗುತ್ತೆ."

"ಹುಡುಕಿ ಸಾರ್," ಎಂದು ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಬಂದರು. ಮಾರನೆಯ ದಿನ ಅವರ ಕುರ್ಚಿಯಲ್ಲಿ ಬೇರೊಬ್ಬರಿದ್ದರು.

ತುಮಕೂರಿನಲ್ಲಿ ಆಗ ಲ್ಯಾಬುಗಳಿದ್ದದ್ದೇ ಮೂರು. ಕಾರ್ಖಾನೆಗಳಲ್ಲಿ ಕೆಮಿಸ್ಟ್ ಕೆಲಸಗಳಿದ್ದವು. ಆದರೆ ಇವರು ಹೋಗುವ ಮುಂಚೆ ಫೋನು ಹೋಗಿರುತ್ತಿತ್ತು. "ಆ ಹೆಬ್ಬೂರಿನ ಹುಡುಗಿನಾ? ಬೇಡಪ್ಪ" ಎಂದು ನಮ್ಮ ಮ್ಯಾನೇಜರ್ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಕೇಳಿ ನನ್ನ ಕ್ಯಾನು ತುಂಬಿಸಲು ಹೋದೆ. ಕೊನೆಗೆ ಕುಣಿಗಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠಕ್ಕೆ ಅರೆಕಾಲಿಕ ಕೆಲಸ ಸಿಕ್ಕಿತು. ದಿನಾ ಹೆಬ್ಬೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

ಒಮ್ಮೆ ವಿದ್ಯಾರ್ಥಿಗಳಿಗೆ ತೋರಿಸಲೆಂದು ಕುಣಿಗಲ್ಲಿನ ನೀರು ಸೋಸುವ ಘಟಕಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮರಳಿನ ತೊಟ್ಟಿಯ ದಂಡೆಯ ಮೇಲೆ ಬಿಳಿ ಪಂಚೆಯುಟ್ಟ ಒಬ್ಬ ಮುದುಕರು ಕೂತಿದ್ದರು. ಹೆಸರು ಕದರಯ್ಯ. ಮೂವತ್ತು ವರ್ಷ ಅಲ್ಲೇ ದುಡಿದು ನಿವೃತ್ತರಾಗಿದ್ದರು. ಆದರೂ ದಿನಾ ಬೆಳಿಗ್ಗೆ ಬಂದು ನೀರು ನೋಡಿ ಹೋಗುವುದು ಬಿಟ್ಟಿರಲಿಲ್ಲ. ಮಕ್ಕಳು ಹೋದ ಮೇಲೆ ಮಾತಿಗೆ ಮಾತು ಬಂದು ಗಂಗಾಂಬಿಕೆ ತಮ್ಮ ಕಥೆ ಹೇಳಿಕೊಂಡರು.

"ನಿನ್ನ ಕೆಲ್ಸದಿಂದ ತೆಗ್ದಾಗ ಯಾರು ಕೇಳಿದ್ರಮ್ಮ?" ಎಂದರು ಕದರಯ್ಯ.

"ಯಾರೂ ಇಲ್ಲ ಸಾರ್."

"ಒಬ್ಬ ಲಾಯರಿಗೆ ಯಾರಾದ್ರೂ ಏನಾದ್ರೂ ಅನ್ಲಿ, ಮಾರನೇ ದಿನ ಕೋರ್ಟಿಗೆ ಒಬ್ನೂ ಹೋಗಲ್ಲ. ಡಾಕ್ಟ್ರು, ಮೇಷ್ಟ್ರು, ಆಟೋದೋರು, ಎಲ್ರಿಗೂ ಸಂಘ ಐತೆ. ನೀರು ನೋಡೋರಿಗೆ, ಹೊಗೆ ನೋಡೋರಿಗೆ ಏನೈತೆ? ಒಬ್ಬೊಬ್ರೇ ಹೋಗಿ ಒಬ್ಬೊಬ್ರೇ ಹೊಡೆಸ್ಕೊಂಡು ಬರ್ತೀವಿ."

ಗಂಗಾಂಬಿಕೆ ಹೇಳಿದರು: "ಸಂಘ ಮಾಡೋಣ ಸಾರ್. ಆದ್ರೆ ನಮ್ಮನ್ನ ಕಾಯೋಕೆ ಮಾತ್ರ ಅಲ್ಲ. ನಮ್ಮಿಂದ ನೀರನ್ನ ಕಾಯೋಕೂ ಒಂದು ಸಂಘ ಬೇಕು."

ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಕಡೆ ಈ ಕಸುಬಿನಲ್ಲಿದ್ದವರ ಪಟ್ಟಿಯನ್ನು ಇಬ್ಬರೂ ಕೂತು ಬರೆದರು. ಲ್ಯಾಬಿನ ಕೆಮಿಸ್ಟರು, ಕಾರ್ಖಾನೆಗಳ ಶುದ್ಧೀಕರಣ ಘಟಕ ನೋಡಿಕೊಳ್ಳುವವರು, ಘಟಕ ಕಟ್ಟಿಸುವ ಎಂಜಿನಿಯರುಗಳು. ಒಟ್ಟು ನಲವತ್ತಮೂರು ಹೆಸರು. ನಲವತ್ತಮೂರು ಜನಕ್ಕೂ ಗಂಗಾಂಬಿಕೆ ತಮ್ಮ ಕೈಯಲ್ಲೇ ಪೋಸ್ಟ್‌ಕಾರ್ಡ್ ಬರೆದರು. ನನಗೂ ಒಂದು ಬಂತು.

೧೯೯೯ರ ಫೆಬ್ರವರಿಯ ಒಂದು ಭಾನುವಾರ ತುಮಕೂರಿನ ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಸಭೆ. ಬಂದವರು ಹನ್ನೊಂದು ಜನ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ಒತ್ತುವಂತೆ ಕೂತಿದ್ದೆವು. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಗುರುತಿನ ಚೀಟಿ ಮಾಡಿಸಬೇಕೆಂದರು ಒಬ್ಬರು. ವರ್ಷಕ್ಕೊಂದು ಕ್ಯಾಲೆಂಡರ್ ತರೋಣ ಎಂದರು ಇನ್ನೊಬ್ಬರು. ಯಾವುದಾದರೂ ದೊಡ್ಡ ಕಾರ್ಖಾನೆಯ ಮಾಲೀಕರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡರೆ ಕಟ್ಟಡಕ್ಕೆ ಜಾಗ ಸಿಗುತ್ತದೆ ಎಂದು ಹಿಂದಿನ ಬೆಂಚಿನಿಂದ ಸಲಹೆ ಬಂತು.

ಗಂಗಾಂಬಿಕೆ ಎದ್ದುಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆದರು. ತಾವೇ ಹೋಗಿ ತೆಗೆಯದ ಸ್ಯಾಂಪಲ್ಲಿಗೆ ಸದಸ್ಯರು ತಾವು ತೆಗೆದದ್ದೆಂದು ಸಹಿ ಹಾಕಕೂಡದು. ಸ್ಯಾಂಪಲ್ ತೆಗೆದ ದಿನ, ಪರೀಕ್ಷೆ ಮುಗಿದ ದಿನ ಎರಡೂ ವರದಿಯಲ್ಲಿ ಇರಬೇಕು. ನಿಜ ಬರೆದದ್ದಕ್ಕೆ ಸದಸ್ಯರೊಬ್ಬರ ಕೆಲಸಕ್ಕೆ ಕುತ್ತು ಬಂದರೆ ಆ ಜಾಗಕ್ಕೆ ಉಳಿದವರ್ಯಾರೂ ಹೋಗಕೂಡದು.

"ಇದು ಸಂಘನೋ ಮಠನೋ?" ಎಂದರು ಯಾರೋ. ಕೆಲವರು ನಕ್ಕರು.

"ಮೇಡಂ, ಮನೇಲಿ ಹೆಂಡ್ತಿ ಮಕ್ಕಳಿಲ್ವಾ ನಮ್ಗೆ?" ಎಂದವನು ನಾನು.

"ಇದಾರೆ ಸಾರ್. ಅವ್ರೂ ನೀರು ಕುಡೀತಾರೆ," ಎಂದರು ಗಂಗಾಂಬಿಕೆ. ದನಿ ಏರಿಸಿರಲಿಲ್ಲ.

ಕಾಫಿಗೆಂದು ಹೊರಗೆ ಹೋದವರಲ್ಲಿ ಏಳು ಜನ ಒಳಕ್ಕೆ ಬರಲಿಲ್ಲ. ಆ ಏಳು ಜನರಲ್ಲಿ ನಾನೂ ಒಬ್ಬ. ಒಳಗೆ ಉಳಿದವರು ನಾಲ್ವರು: ಗಂಗಾಂಬಿಕೆ, ಕದರಯ್ಯ, ಗುಬ್ಬಿಯ ಒಬ್ಬ ಎಂಜಿನಿಯರ್, ಕುಣಿಗಲ್ ಕಡೆಯ ಒಬ್ಬ ಕೆಮಿಸ್ಟ್. ನಾಲ್ವರೂ ಸಹಿ ಹಾಕಿದರು. ಆದರೆ ಕಾಯಿದೆಯ ಪ್ರಕಾರ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಜನ ಬೇಕು. ಇನ್ನೂ ಮೂವರು ಸಿಗಬೇಕಿತ್ತು.

ಆ ಮೂವರಿಗಾಗಿ ಅವರು ಎಂಟು ತಿಂಗಳು ತಿರುಗಿದರು. ರಜಾ ದಿನ ಬಂತೆಂದರೆ ಗುಬ್ಬಿಯಲ್ಲೋ ಊರ್ಡಿಗೆರೆಯಲ್ಲೋ ಯಾರದ್ದೋ ಮನೆಯ ಜಗುಲಿಯ ಮೇಲಿರುತ್ತಿದ್ದರು. "ಆಗ್ಲಿ ನೋಡೋಣ" ಎಂದವರ ಮನೆಗೆ ಮತ್ತೆ ಹೋದರು. "ಇನ್ನೊಂದ್ಸಲ ಬರ್ಬೇಡಿ" ಎಂದವರಿಗೆ ಕಾಗದ ಬರೆದರು. ಅವರ ತಾಯಿ ಪುಟ್ಟತಾಯಮ್ಮ, "ಗಂಡು ಹುಡ್ಕಕ್ಕೆ ನಿಮ್ಮಪ್ಪ ಇಷ್ಟು ಅಲೀಲಿಲ್ಲ ಕಣೇ, ನೀನು ಸಹಿ ಹುಡ್ಕಕ್ಕೆ ಅಲೀತಿದೀಯ" ಎನ್ನುತ್ತಿದ್ದರಂತೆ. ಆಗಸ್ಟ್ ಹೊತ್ತಿಗೆ ಐದನೆಯವರು, ಆರನೆಯವರು ಸಿಕ್ಕರು. ಏಳನೆಯವನಿಗಾಗಿ ಮತ್ತೆ ಪಟ್ಟಿ ತೆಗೆದರು.

ನನ್ನ ಬಳಿಗೆ ಮೂರು ಸಲ ಬಂದರು. ಮೊದಲ ಸಲ ನಾನು ಮನೆಯಲ್ಲಿಲ್ಲ ಎಂದು ಹೇಳಿಸಿದೆ. ಎರಡನೆಯ ಸಲ ಎದುರಿಗೆ ಸಿಕ್ಕಿಬಿದ್ದೆ, ಯೋಚಿಸಿ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಮೂರನೆಯ ಸಲ ಕದರಯ್ಯನವರನ್ನು ಕರೆದುಕೊಂಡು ವಾರದ ರಜೆಯ ದಿನ ಕಾರ್ಖಾನೆಗೇ ಬಂದರು. ಕದರಯ್ಯನವರ ಕೈಯಲ್ಲಿ ಸ್ಪ್ಯಾನರುಗಳ ಚೀಲ.

"ಸಹಿ ಕೇಳೋಕೆ ಬಂದಿಲ್ಲ ರವೀಶ್ ಅವ್ರೇ. ನಿಮ್ಮ ಕೆಟ್ಟೋಗಿರೋ ಪಂಪು ನೋಡೋಣ ಅಂತ ಬಂದ್ವಿ."

"ಅದ್ಯಾಕೆ ಮೇಡಂ?"

"ನೀವು ಕ್ಯಾನಲ್ಲಿ ನಲ್ಲಿ ನೀರು ತುಂಬ್ತೀರಾ ಅಂತ ನಂಗೆ ಮೂರು ವರ್ಷದಿಂದ ಗೊತ್ತು. ಬೇಕು ಅಂತ ತುಂಬ್ತಿಲ್ಲ ಅನ್ನೋದೂ ಗೊತ್ತು. ಪಂಪು ಸರಿ ಇದ್ದಿದ್ರೆ ನೀವು ತುಂಬ್ತಿದ್ರಾ?"

ಕದರಯ್ಯ ಆಗಲೇ ಪಂಚೆ ಮೇಲೆ ಕಟ್ಟಿ ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. "ಬಾ ಇಲ್ಲಿ, ಈ ಬೋಲ್ಟು ಹಿಡ್ಕೋ. ಮಾತು ಆಮೇಲಾಡೀರಂತೆ," ಎಂದರು. ಬಿಚ್ಚಿ ನೋಡಿದರೆ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅಷ್ಟೇ. ಉಜ್ಜಿ, ಎಣ್ಣೆ ಹಾಕಿ, ಸವೆದ ವಾಷರ್ ಬದಲಾಯಿಸುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಸ್ವಿಚ್ ಹಾಕಿದಾಗ ಪಂಪು ಒಂದು ಸಲ ಕೆಮ್ಮಿ ಓಡತೊಡಗಿತು. ಮೂರು ವರ್ಷ ನಾನು ಕೇಳಿ ಕೇಳಿ ಬಿಟ್ಟಿದ್ದ ಕೆಲಸವನ್ನು ಇಬ್ಬರು ಹೊರಗಿನವರು ಅರ್ಧ ದಿನದಲ್ಲಿ ಮಾಡಿ ಕೊಟ್ಟು, ಕೈ ತೊಳೆದುಕೊಂಡು, ಸಹಿಯ ಮಾತೇ ಎತ್ತದೆ ಬಸ್ಸಿಗೆ ಹೊರಟುಹೋದರು.

ಮುಂದಿನ ತಿಂಗಳು ಲ್ಯಾಬಿನವರು ಗೇಟಿನಲ್ಲಿ ಕೈ ಚಾಚಿದಾಗ ನಾನು ಅವರನ್ನು ಔಟ್‌ಲೆಟ್ ಬಳಿಗೆ ಕರೆದುಕೊಂಡು ಹೋದೆ. ಅವರಿಗೇ ಆಶ್ಚರ್ಯ. ವರದಿ ಪಾಸಾಗಿ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು ಕುಣಿಗಲ್ ಬಸ್ಸು ಹತ್ತಿ, ಕಾಲೇಜಿನ ಮೆಟ್ಟಿಲ ಮೇಲೆ ಕೂತು ಗಂಗಾಂಬಿಕೆಯವರು ಪಾಠ ಮುಗಿಸಿ ಬರುವವರೆಗೆ ಕಾದೆ. ಏಳನೆಯ ಸಹಿ ಹಾಕಿದೆ.

ನೋಂದಣಿ ಕಚೇರಿಯ ಗುಮಾಸ್ತರು ಅರ್ಜಿ ತಿರುಗಿಸಿ ಮುರುಗಿಸಿ ನೋಡಿದರು. "ಪರಿಸರ ವೃತ್ತಿಪರರ ಸಂಘ. ಅಂದ್ರೆ ಗಿಡ ನೆಡ್ತೀರಾ?"

"ಇಲ್ಲ ಸಾರ್, ಸಹಿ ಹಾಕ್ತೀವಿ," ಎಂದರು ಗಂಗಾಂಬಿಕೆ. "ಕೆಲವು ಕಡೆ ಹಾಕಲ್ಲ."

ಸಂಘದ ನಿಯಮಗಳಿಗೆ ನಿಜವಾದ ಪರೀಕ್ಷೆ ಬಂದದ್ದು ೨೦೦೧ರಲ್ಲಿ. ಆಗ ನಾವು ಹದಿನೇಳು ಜನ ಸದಸ್ಯರಿದ್ದೆವು. ಹೊಸದಾಗಿ ಸೇರಿದವಳು ರೂಪಶ್ರೀ, ಇಪ್ಪತ್ತಮೂರರ ಹುಡುಗಿ. ಅದೇ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಒಂದು ಭಾನುವಾರ ಸಭೆಗೆ ಬಂದು ಅಳು ತಡೆದುಕೊಂಡು ಹೇಳಿದಳು:

"ಬೆಂಗಳೂರಿನ ಲ್ಯಾಬಿಗೆ ಹೋಗೋ ಸ್ಯಾಂಪಲ್ಲು ನಾನೇ ಔಟ್‌ಲೆಟ್ಟಲ್ಲಿ ತೆಗೆದಿದ್ದು ಅಂತ ಸೈನ್ ಮಾಡು ಅಂತಿದಾರೆ ಮೇಡಂ. ಅದು ಬೋರ್‌ವೆಲ್ ನೀರು. ನಾಳೆ ಮಾಡ್ಲಿಲ್ಲ ಅಂದ್ರೆ ಬರ್ಬೇಡ ಅಂದವ್ರೆ."

"ನೀನು ಏನ್ ಮಾಡ್ಬೇಕು ಅಂತಿದೀಯಾ?"

"ಮಾಡಲ್ಲ ಅಂತಿದೀನಿ. ಆದ್ರೆ ಭಯ ಆಗ್ತಿದೆ."

"ಆಗ್ಲಿ ಬಿಡು. ನಂಗೂ ಆಗಿತ್ತು. ನೀನು ನಾಳೆ ಕೆಲ್ಸಕ್ಕೆ ಹೋಗು, ಸೈನ್ ಮಾಡ್ಬೇಡ. ಮಿಕ್ಕಿದ್ದು ನಮ್ಗೆ ಬಿಡು."

ರೂಪಶ್ರೀಯನ್ನು ಕಾರ್ಖಾನೆಯವರು ಗೇಟಿನಿಂದ ವಾಪಸು ಕಳಿಸಿದರು. ಆ ಜಾಗಕ್ಕೆ ಅರ್ಜಿ ಕರೆದರು. ನಮ್ಮಲ್ಲಿ ಇಬ್ಬರಿಗೆ ಆಗ ಕೆಲಸವಿರಲಿಲ್ಲ, ಇಬ್ಬರಿಗೂ ಕರೆ ಬಂದಿತ್ತು. ಇಬ್ಬರೂ ಹೋಗಲಿಲ್ಲ. ಅದನ್ನು ಬರೆಯುವಾಗ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಗಂಗಾಂಬಿಕೆ ಕಾಡಯ್ಯನಪಾಳ್ಯಕ್ಕೆ ಹೋದರು. ಊರಿನವರು ದೂರು ಕೊಟ್ಟಾಗಲೆಲ್ಲ ಕಾರ್ಖಾನೆಯವರು ತಮ್ಮ ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದರು. ಓಬಳಮ್ಮ ಪಂಚಾಯಿತಿ ಕಾರ್ಯದರ್ಶಿಯ ಬೆನ್ನು ಬಿದ್ದು ಆ ಕಡತ ತೆಗೆಸಿದಳು. ಮೂರು ವರ್ಷದ ಇಪ್ಪತ್ತೆರಡು ವರದಿ. ಗಂಗಾಂಬಿಕೆ ಒಂದೊಂದನ್ನೇ ತಿರುವಿ ತಾರೀಖು ಗುರುತು ಹಾಕಿಕೊಂಡರು. ಹತ್ತೊಂಬತ್ತರಲ್ಲಿ ಸ್ಯಾಂಪಲ್ ಲ್ಯಾಬು ಮುಟ್ಟಿದ ಮಾರನೆಯ ದಿನವೇ ವರದಿ ತಯಾರು.

ಆ ಹತ್ತೊಂಬತ್ತು ಹಾಳೆಗಳನ್ನು ಹಿಡಿದು ಹದಿನೇಳು ಜನವೂ ಮಾಲಿನ್ಯ ನಿಯಂತ್ರಣ ಮಂಡಳಿಯ ತುಮಕೂರು ಕಚೇರಿಗೆ ಹೋದೆವು. ಅಧಿಕಾರಿಗಳ ಮೇಜಿನ ಮೇಲೆ ಗಂಗಾಂಬಿಕೆ ಹಾಳೆಗಳನ್ನು ಸಾಲಾಗಿ ಹರಡಿದರು.

"ನೀರು ಕೆಟ್ಟಿದೆ ಅಂತ ನಾವು ಹೇಳ್ತಿಲ್ಲ ಸಾರ್. ಮೂರು ದಿನದ ಪರೀಕ್ಷೆ ಒಂದು ದಿನದಲ್ಲಿ ಮುಗಿಯಲ್ಲ ಅಂತ ಮಾತ್ರ ಹೇಳ್ತಿದೀವಿ. ಇದು ವಾದ ಮಾಡೋ ವಿಷ್ಯ ಅಲ್ಲ. ನೀವೂ ಇದೇ ಓದಿರೋರು."

ಅಧಿಕಾರಿಗಳು ಹಾಳೆಗಳನ್ನು ಬಹಳ ಹೊತ್ತು ನೋಡಿದರು. ನಾಲ್ಕನೆಯ ದಿನ ಅವರೇ ಕಾರ್ಖಾನೆಗೆ ಹೋಗಿ, ಊರಿನವರ ಎದುರಿಗೆ, ಪೈಪಿನ ಬಾಯಿಯಲ್ಲೇ ನೀರು ತೆಗೆಸಿದರು. ಬಾಟಲಿಗೆ ಅರಗು ಹಾಕಿದರು. ಪಂಚನಾಮೆಯ ಕೆಳಗೆ ಮೊದಲು ಹೆಬ್ಬೆಟ್ಟು ಒತ್ತಿದವಳು ಓಬಳಮ್ಮ. ಮಂಡಳಿಯ ಲ್ಯಾಬಿನಲ್ಲಿ ಮೂರು ದಿನ ಇಟ್ಟು ನೋಡಿದಾಗ ಬಂದದ್ದು ಎರಡು ಸಾವಿರದ ಒಂದು ನೂರು. ಶುದ್ಧೀಕರಣ ಘಟಕ ಕಟ್ಟುವ ತನಕ ಕಾರ್ಖಾನೆ ನಿಲ್ಲಿಸಬೇಕೆಂದು ಆದೇಶವಾಯಿತು.

ನಾವು ಗೆದ್ದೆವೆಂದು ಕುಣಿದೆವು. ಅದು ಹೆಚ್ಚು ದಿನ ಉಳಿಯಲಿಲ್ಲ. ಆ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸಕ್ಕೆ ಸುತ್ತಲ ಊರುಗಳ ಅರವತ್ತು ಹೆಂಗಸರಿದ್ದರು. ಅವರೆಲ್ಲ ಮನೆಯಲ್ಲಿ ಕೂತರು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಅವರಲ್ಲೊಬ್ಬಳು ಗಂಗಾಂಬಿಕೆಯವರನ್ನು ಅಡ್ಡ ಹಾಕಿದಳು. ನಾನು ಪಕ್ಕದಲ್ಲೇ ಇದ್ದೆ.

"ನೀನೇ ಏನವ್ವ ಪ್ಯಾಕ್ಟ್ರಿ ಮುಚ್ಸಿದೋಳು? ಎಮ್ಮೆಗೆ ನೀರು ಕೊಡ್ಸಿದೆ, ನಮ್ಮ ಮಕ್ಕಳಿಗೆ ಅನ್ನ ಯಾರು ಕೊಟ್ಟಾರು?"

ಸುತ್ತ ಜನ ಸೇರಿದರು. ಗಂಗಾಂಬಿಕೆ ಅವಳು ಬೈದು ಮುಗಿಸುವವರೆಗೆ ನಿಂತು ಕೇಳಿದರು. ಸಮರ್ಥನೆ ಮಾಡಿಕೊಳ್ಳಲಿಲ್ಲ. ಕೊನೆಗೆ, "ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಓಪನ್ ಮಾಡಿಸ್ತೀನಿ ಕಣಮ್ಮ. ಹಂಗೇ ಅಲ್ಲ, ಸರಿ ಮಾಡಿ ಓಪನ್ ಮಾಡಿಸ್ತೀನಿ," ಎಂದರು.

ಮಾರನೆಯ ವಾರ ತಾವೇ ಕಾರ್ಖಾನೆಯ ಮಾಲೀಕರ ಮುಂದೆ ಹೋಗಿ ನಿಂತರು. ಅವರು ಕುರ್ಚಿ ಕೂಡ ತೋರಿಸಲಿಲ್ಲವಂತೆ. "ಘಟಕ ಕಟ್ಟೋಕೆ ಬೆಂಗಳೂರಿನೋರು ಒಂದೂವರೆ ವರ್ಷ ಕೇಳ್ತಾರೆ. ನಮ್ಮ ಸಂಘದ ಎಂಜಿನಿಯರು ಎಂಟು ತಿಂಗಳಲ್ಲಿ ಕಟ್ಟಿಸ್ತಾರೆ. ನಾನು ಪ್ರತಿ ಭಾನುವಾರ ಬಂದು ನಿಲ್ತೀನಿ. ರೂಪಶ್ರೀನ ವಾಪಸ್ ತಗೋಬೇಕು," ಎಂದರು. ಆ ಮನುಷ್ಯ ಎರಡು ದಿನ ಯೋಚಿಸಿ ಒಪ್ಪಿದರು. ಬೇರೆ ದಾರಿಯೂ ಇರಲಿಲ್ಲ, ಅವರಿಗೆ ಕೆಮಿಸ್ಟ್ ಸಿಕ್ಕಿರಲಿಲ್ಲ.

ಎಂಟು ತಿಂಗಳು ಎಂದದ್ದು ಹತ್ತಾಯಿತು. ಎಣ್ಣೆ ಜಿಡ್ಡು ತೆಗೆಯುವ ತೊಟ್ಟಿ, ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಮುಚ್ಚಿದ ತೊಟ್ಟಿ, ಗಾಳಿ ಊದುವ ತೊಟ್ಟಿ, ಒಂದೊಂದಾಗಿ ಎದ್ದವು. ಆ ಸೂಕ್ಷ್ಮಜೀವಿಗಳು ಬೆಳೆಯಲೆಂದು ಊರಿನಿಂದ ಸಗಣಿ ಬೇಕಾಯಿತು. ಕೊಟ್ಟವಳು ಓಬಳಮ್ಮ. ಕಾರ್ಖಾನೆ ತೆರೆದ ದಿನ ಹೆಂಗಸರು ಒಳಗೆ ಹೋದರು, ರೂಪಶ್ರೀಯೂ ಹೋದಳು. ಮೊದಲ ತಿಂಗಳ ಬಿಓಡಿ ನೂರ ಹತ್ತು, ಮಿತಿಗಿಂತ ಹೆಚ್ಚು. ರೂಪಶ್ರೀ ನೂರ ಹತ್ತು ಎಂದೇ ಬರೆದು ಸಹಿ ಹಾಕಿದಳು. ಐದನೆಯ ತಿಂಗಳು ಇಪ್ಪತ್ತೆಂಟು ಬಂತು. ಕೆರೆ ತಿಳಿಯಾಗಲು ಇನ್ನೂ ಎರಡು ಮಳೆಗಾಲ ಹಿಡಿಯಿತು.

ಆಮೇಲೆ ಸಂಘ ಬೆಳೆಯಿತು. ಕೆಲವು ಕಾರ್ಖಾನೆಗಳು ತಾವಾಗಿಯೇ ನಮ್ಮ ಸದಸ್ಯರ ಸಹಿ ಕೇಳತೊಡಗಿದವು. ಗಂಗಾಂಬಿಕೆಗೆ ಮಾತ್ರ ಯಾವ ಲ್ಯಾಬೂ ಮತ್ತೆ ಕೆಲಸ ಕೊಡಲಿಲ್ಲ. ೨೦೦೪ರಲ್ಲಿ ಸಂಘವೇ ಗುಬ್ಬಿಯಲ್ಲಿ ಎರಡು ಕೋಣೆಯ ಸಣ್ಣ ಲ್ಯಾಬು ತೆರೆದು ಅವರನ್ನು ಕೂರಿಸಿತು. ಕುಣಿಗಲ್ ಭಾಗದ ಸ್ಯಾಂಪಲ್ ತರುವ ಹೊಣೆ ಕದರಯ್ಯನವರದು.

ಮಾರನೆಯ ವರ್ಷ ಒಂದು ಸ್ಯಾಂಪಲ್ಲಿನ ಚೀಟಿಯಲ್ಲಿ ಗಂಗಾಂಬಿಕೆಗೆ ಅನುಮಾನ ಬಂತು. ತೆಗೆದ ಹೊತ್ತು ಬೆಳಿಗ್ಗೆ ಹತ್ತೂವರೆ ಎಂದಿತ್ತು. ಆ ದಿನ ಹತ್ತೂವರೆಗೆ ಕದರಯ್ಯ ಮಂಡಿ ನೋವಿಗೆಂದು ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಕರೆದುಕೊಂಡು ಹೋದವನು ನಾನೇ. ಗಂಗಾಂಬಿಕೆ ಕುಣಿಗಲ್ಲಿಗೆ ಹೋಗಿ ನೇರವಾಗಿ ಕೇಳಿದರು. ಕದರಯ್ಯ ಮುಚ್ಚಿಡಲಿಲ್ಲ. ಮಂಡಿ ಬಗ್ಗುತ್ತಿರಲಿಲ್ಲ, ಕಾರ್ಖಾನೆಯವರನ್ನೇ ನೀರು ತುಂಬಲು ಹೇಳಿ ತಾವು ಸಹಿ ಹಾಕಿದ್ದರು.

"ಅವ್ರು ಒಳ್ಳೇರು ಕಣಮ್ಮ. ನೀರೂ ಸರಿಯಾಗೇ ಐತೆ."

"ಇರ್ಬೋದು ಸಾರ್. ಆದ್ರೆ ನಿಯಮಕ್ಕೆ ಮೊದ್ಲು ಸಹಿ ಹಾಕ್ದೋರಲ್ಲಿ ನೀವೂ ಒಬ್ರು."

ಆ ತಿಂಗಳ ಸಭೆಯಲ್ಲಿ ಗಂಗಾಂಬಿಕೆ ಎದ್ದು ನಿಂತು ಕದರಯ್ಯನವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಹೇಳಿದರು. ನಾನು ವಿರೋಧಿಸಿದೆ, ಕೂಗಾಡಿದೆ. "ಅವ್ರಿಲ್ದೆ ಈ ಸಂಘನೇ ಇರ್ತಿರಲಿಲ್ಲ ಮೇಡಂ!"

"ಗೊತ್ತು ರವೀಶ್. ಅವ್ರನ್ನ ಬಿಟ್ರೆ ನಾಳೆ ಯಾರನ್ನ ಹಿಡೀತೀವಿ?"

ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೂವತ್ತಾರು ಜನರಲ್ಲಿ ಇಪ್ಪತ್ತು ಕೈಗಳು ಮೇಲೆದ್ದವು. ಕದರಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಗಂಗಾಂಬಿಕೆಯೊಡನೆ ಮಾತಾಡಲಿಲ್ಲ. ಇವರು ತಿಂಗಳಿಗೊಮ್ಮೆ ಕುಣಿಗಲ್ಲಿಗೆ ಹೋಗುವುದನ್ನು ಬಿಡಲೂ ಇಲ್ಲ. ಹೋದರೆ ಕದರಯ್ಯ ಪೇಪರು ಅಡ್ಡ ಹಿಡಿದು ಕೂರುತ್ತಿದ್ದರು. ಅವರ ಹೆಂಡತಿ ಕಾಫಿ ತಂದುಕೊಡುತ್ತಿದ್ದರು. ಇವರು ಕಾಫಿ ಕುಡಿದು, ಸಂಘದಲ್ಲಿ ನಡೆದದ್ದನ್ನೆಲ್ಲ ಪೇಪರಿಗೆ ಹೇಳಿ, ಎದ್ದು ಬರುತ್ತಿದ್ದರು. ಒಂದು ದಿನ ಒಂದು ಹೊಸ ಘಟಕದ ಮರಳಿನ ತೊಟ್ಟಿ ಪದೇ ಪದೇ ಕಟ್ಟಿಕೊಂಡು ನೀರು ಇಳಿಯುತ್ತಿಲ್ಲ ಎಂದು ಹೇಳುತ್ತಿದ್ದಾಗ ಪೇಪರಿನ ಹಿಂದಿನಿಂದ ಮಾತು ಬಂತು: "ಮರಳು ಜರಡಿ ಹಿಡೀದೆ ಹಾಕವ್ರೆ. ಯಾವನು ಅವ್ನು ಹಾಕಿದ್ದು?"

೨೦೦೭ರ ಜನವರಿಯಲ್ಲಿ ಕದರಯ್ಯ ಸದಸ್ಯತ್ವಕ್ಕೆ ಹೊಸದಾಗಿ ಅರ್ಜಿ ಹಾಕಿದರು. ಹೊಸಬರು ಸ್ವತಃ ಹೋಗಿ ತೆಗೆದ ಮೂರು ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ಒಪ್ಪಿಸಬೇಕೆಂಬುದು ಅಷ್ಟರಲ್ಲಿ ಸಂಘದ ಪದ್ಧತಿಯಾಗಿತ್ತು. ಅವರ ವಯಸ್ಸಿಗೆ ಅದನ್ನು ಮಾಫಿ ಮಾಡೋಣ ಎಂದು ನಾನೇ ಸೂಚಿಸಿದೆ. ಗಂಗಾಂಬಿಕೆ ಏನಾದರೂ ಹೇಳುವ ಮೊದಲೇ ಕದರಯ್ಯ, "ಸುಮ್ನೆ ಕೂತ್ಕೊಳಯ್ಯ," ಎಂದು ನನ್ನನ್ನು ಗದರಿದರು.

ಮೂರೂ ಸ್ಯಾಂಪಲ್ಲನ್ನು ಅವರೇ ತೆಗೆದರು. ಒಂದು ಕೈಯಲ್ಲಿ ಕೋಲು, ಬಗ್ಗಲಾಗದ ಕಡೆ ಬಾಟಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಮೂರನೆಯದನ್ನು ಮಾರ್ಚಿನ ಬಿಸಿಲಿನಲ್ಲಿ ಕುಣಿಗಲ್ಲಿನಿಂದ ಎರಡು ಬಸ್ಸು ಬದಲಾಯಿಸಿ ಗುಬ್ಬಿಯ ಲ್ಯಾಬಿಗೆ ತಂದಾಗ ನಾನು ಅಲ್ಲಿದ್ದೆ. ಗಂಗಾಂಬಿಕೆ ಎದ್ದು ಬಂದು ಬಾಟಲಿ ತೆಗೆದುಕೊಂಡು ಚೀಟಿ ಓದಿದರು. ತೆಗೆದ ಜಾಗ, ಹೊತ್ತು, ಸಹಿ ಎಲ್ಲ ಇತ್ತು. ರಿಜಿಸ್ಟರಿನಲ್ಲಿ ಬರೆದುಕೊಂಡು, ಬಾಟಲಿಯನ್ನು ಒಳಗೆ ಇಟ್ಟು ಬಂದರು.

"ಮೂರು ದಿನ ಬಿಟ್ಟು ಬನ್ನಿ ಸಾರ್," ಎಂದರು.

"ಬರ್ತೀನಿ ಬುಡು," ಎಂದರು ಕದರಯ್ಯ. "ಮೊದ್ಲು ಒಂದ್ ಲೋಟ ನೀರು ಕೊಡು."